ಕಂಡಕ್ಟರ್ ನೇತ್ರಾವತಿಯ ಹಣೆ

ಗಂಗಾವತಿಯಿಂದ ಕುಷ್ಟಗಿಗೆ ಹೋಗುವ ಬಸ್ಸಿನಲ್ಲಿ ಚಿಲ್ಲರೆ ಯಾರ ಬಳಿಯೂ ಇರುವುದಿಲ್ಲ. ಸಲಹೆ ಮಾತ್ರ ಎಲ್ಲರ ಬಳಿಯೂ ಧಾರಾಳವಾಗಿರುತ್ತದೆ. ಕಂಡಕ್ಟರ್ ನೇತ್ರಾವತಿಯ ಹಣೆಯ ಮೇಲೆ, ಕೂದಲಂಚಿನುದ್ದಕ್ಕೂ ಮೊಡವೆ ಎದ್ದ ಮೇಲಂತೂ ಜನ ಟಿಕೆಟ್ ಕೇಳುವ ಮೊದಲೇ ಮದ್ದು ಹೇಳತೊಡಗಿದರು.

"ಇಷ್ಟು ವಯಸ್ಸಾದಮ್ಯಾಲೂ ಮೊಡವಿ ಬರ್ತಾವೇನ್ರಿ?" ಎಂದು ಒಬ್ಬಾಕೆ ಬೆರಗಾದಳು. ದಿನಾ ಬರುವ ಮಾರೆಪ್ಪ, "ಶೇಂಗಾ ಬಿಡ್ರಿ ಅಕ್ಕಾರ, ಅದು ಭಾಳ ಉಷ್ಣ" ಎಂದ. ಕಾಲೇಜಿಗೆ ಹೋಗುವ ಹಸೀಬಾ, "ಟೂತ್‌ಪೇಸ್ಟ್ ಹಚ್ಚಿ ಮಲಗ್ರಿ ಆಂಟಿ, ಮುಂಜಾನಿ ಒಣಗಿರ್ತಾವ" ಎಂದು ಕಿವಿಯಲ್ಲಿ ಹೇಳಿ ಇಳಿದುಹೋದಳು.

ನೇತ್ರಾವತಿಗೆ ಸಿಟ್ಟಿಗಿಂತ ಕುತೂಹಲವೇ ಜಾಸ್ತಿ. ಒಂದೊಂದನ್ನೂ ಮಾಡಿ ನೋಡಿಯೇಬಿಟ್ಟಳು. ಶೇಂಗಾ ಚಟ್ನಿ ಬಿಟ್ಟಳು. ಊಟ ಸಪ್ಪೆಯಾಯಿತೇ ಹೊರತು ಮೊಡವೆ ಜಗ್ಗಲಿಲ್ಲ. ಪೇಸ್ಟ್ ಹಚ್ಚಿದಳು, ಉರಿ ಎದ್ದು ಚರ್ಮ ಸುಲಿಯಿತು. ಮುಖ ಕೊಳಕಾದರೇ ಮೊಡವೆ ಎಂದು ಯಾರೋ ಹೇಳಿದ್ದಕ್ಕೆ ಸಿಕ್ಕ ಸಿಕ್ಕ ನಲ್ಲಿಯಲ್ಲೆಲ್ಲ ಸೋಪು ಹಾಕಿ ತಿಕ್ಕಿದಳು. ಮೊಡವೆಗಳು ಇನ್ನಷ್ಟು ಕೆಂಪಾದವು. ಕೊನೆಗೆ ಸಾಕಾಗಿ ಪೇಸ್ಟು, ಸೋಪು ಎರಡನ್ನೂ ನಿಲ್ಲಿಸಿದಳು. ಆಗಲೂ ಅವು ಹೋಗಲಿಲ್ಲ.

ಅತ್ತೆ ಪಕ್ಕೀರವ್ವನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. "ದಿನಾ ಇಂಜಿನ್ ಕಾವಿನ್ಯಾಗ ಅಡ್ಡಾಡ್ತಿ. ನೆತ್ತಿ ಕಾದೈತಿ" ಎನ್ನುತ್ತಿದ್ದಳು. ಸೊಸೆ ಡ್ಯೂಟಿ ಮುಗಿಸಿ ಬಂದೊಡನೆ ಮುಂದೆ ಕೂರಿಸಿಕೊಂಡು, ಕೊಬ್ಬರಿ ಎಣ್ಣೆಗೆ ಔಡಲೆಣ್ಣೆ ಬೆರೆಸಿ ತಲೆಗೆ ತಟ್ಟುತ್ತಿದ್ದಳು. ಮೊಡವೆ ಹೆಚ್ಚಾದಷ್ಟೂ ಎಣ್ಣೆಯೂ ಹೆಚ್ಚಾಯಿತು.

ಪಕ್ಕೀರವ್ವ ಜೋರು ಬಾಯಿಯ ಹೆಂಗಸು. ಸೊಸೆ ಮಾಡಿದ ಸಾರಿನಿಂದ ಹಿಡಿದು ಒಗೆದ ಬಟ್ಟೆಯವರೆಗೆ ಎಲ್ಲದರಲ್ಲೂ ಅವಳಿಗೆ ಕೊರತೆ ಕಾಣುತ್ತಿತ್ತು. ಬೆರಳು ಕೂದಲೊಳಗೆ ಇಳಿದವೆಂದರೆ ಮಾತ್ರ ಬೇರೆಯೇ ಹೆಂಗಸು. "ಇವತ್ತು ಬಸ್ಸಿನ್ಯಾಗ ಯಾರ್ ಜಗಳಾ ತಗದ್ರು?" ಎಂದು ಕೇಳಿ, ಕೇಳಿದ್ದಕ್ಕೆಲ್ಲ ನಗುತ್ತಿದ್ದಳು. ನೇತ್ರಾವತಿ ತಾಯಿಯ ಮುಖ ಕಾಣದೆ ಬೆಳೆದವಳು. ಅವಳ ತಲೆಯ ಮೇಲೆ ಹೀಗೆ ಕೈಯಾಡಿಸಿದವರು ಇನ್ನೊಬ್ಬರಿಲ್ಲ. ಆ ಹೊತ್ತಿಗಾಗಿ ಅವಳು ದಿನವಿಡೀ ಕಾಯುತ್ತಿದ್ದಳು.

ಬೇಸಿಗೆಯಲ್ಲಿ ಪಕ್ಕೀರವ್ವ ಮಗಳ ಬಾಣಂತನಕ್ಕೆಂದು ಅವಳ ಗಂಡನ ಊರಾದ ಮರಳಿಗೆ ಹೋದಳು. ನೇತ್ರಾವತಿ ಎಣ್ಣೆ ಬಾಟಲಿಯನ್ನು ಮುಟ್ಟಲೇ ಇಲ್ಲ. ತಾನೇ ಹಚ್ಚಿಕೊಂಡರೆ ಅದರಲ್ಲೇನು ಸುಖ? ಶೇಂಗಾ ಚಟ್ನಿ ಮತ್ತೆ ತಟ್ಟೆಗೆ ಬಂತು. ಬಿಸಿಲು ಏರಿತು, ಇಂಜಿನ್ನಿನ ಕಾವೂ ಏರಿತು. ಆದರೂ ತಿಂಗಳೆರಡು ಕಳೆಯುವಷ್ಟರಲ್ಲಿ ಹಣೆ ತಿಳಿಯಾಗಿತ್ತು.

ಇದೇನು ವಿಚಿತ್ರ ಎಂದು ಅವಳು ಬಸ್ಸಿನ ಕನ್ನಡಿಯಲ್ಲಿ ನೋಡಿಕೊಂಡಳು. ಉಷ್ಣವೇ ಕಾರಣವಾಗಿದ್ದರೆ ಈಗ ಇನ್ನೂ ಜಾಸ್ತಿಯಾಗಬೇಕಿತ್ತು. ಅದೂ ಅಲ್ಲದೆ, ಹೊಟ್ಟೆಯಿಂದ ಹೊರಟ ಉಷ್ಣ ಕೆನ್ನೆಯನ್ನೆಲ್ಲ ಬಿಟ್ಟು ಕೂದಲಂಚಿಗೇ ಹೋಗಿ ಏಕೆ ಸಾಲಾಗಿ ಕೂತಿತ್ತು? ಕೂದಲಂಚಿನಿಂದ ಹಣೆಗೆ ಇಳಿಯುತ್ತಿದ್ದದ್ದು ಏನು? ಉತ್ತರ ಹೊಳೆಯಿತು: ಅತ್ತೆ ತಟ್ಟುತ್ತಿದ್ದ ಎಣ್ಣೆ.

ಕೊಪ್ಪಳದಲ್ಲಿ ಚರ್ಮದ ಡಾಕ್ಟರನ್ನು ಕಂಡು ಕೇಳಿದಳು. "ಖರೇ ಐತಿ," ಎಂದರು ಅವರು. "ಎಣ್ಣಿ ಬೆವರಿನ ಜೋಡಿ ಹಣಿಗೆ ಇಳದು, ಚರ್ಮದ ಸಣ್ಣ ತೂತು ಮುಚ್ಚತೈತಿ. ಎಲ್ಲಾರಿಗೂ ಹಂಗಾಗಲ್ಲ, ನಿಮಗ ಆಗೇತಿ. ದೊಡ್ಡವರಿಗೂ ಮೊಡವಿ ಬರ್ತಾವು, ನಾಚಿಕಿ ಪಡಬ್ಯಾಡ್ರಿ. ಎಣ್ಣಿ ಮಾತ್ರ ಬಿಡ್ರಿ."

ಒಗಟು ಬಿಡಿಸಿದ ಖುಷಿ ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ಎಣ್ಣೆ ಬಿಡುವುದೆಂದರೆ ಆ ಸಂಜೆಗಳನ್ನೂ ಬಿಟ್ಟಂತೆಯೇ. ಅತ್ತೆಗೆ ಹೇಳದೆ ಸುಮ್ಮನಿದ್ದುಬಿಡಲೇ ಎಂದೂ ಅನ್ನಿಸಿತು. ಒಂದು ಹಣೆ ತಾನೇ, ಕೆಟ್ಟರೆ ಕೆಡಲಿ.

ಮರಳಿಯಿಂದ ಬಂದ ಪಕ್ಕೀರವ್ವ ಸೊಸೆಯ ಮುಖ ಕಂಡು ಹಿಗ್ಗಿದಳು. "ನೋಡಿದೇನ! ಹೇಮಗುಡ್ಡದ ದುರ್ಗವ್ವಗ ಹರಕಿ ಹೊತ್ತಿದ್ದೆ. ತಾಯಿ ನಡಿಸಿಕೊಟ್ಲು. ಬಾ, ಕುಂದ್ರು" ಎಂದು ಬಾಟಲಿ ತಂದೇಬಿಟ್ಟಳು. ನೇತ್ರಾವತಿ ಕೂತಳು. ಎಣ್ಣೆಯ ವಾಸನೆ ಮೂಗಿಗೆ ಬಡಿದೊಡನೆ ತಲೆ ತಾನಾಗಿಯೇ ಹಿಂದಕ್ಕೆ, ಅತ್ತೆಯ ಕೈಯತ್ತ ವಾಲಿತು. ಆದರೂ ಮುಚ್ಚಿಡಲು ಮನಸ್ಸು ಬರಲಿಲ್ಲ.

"ಅತ್ತಿ, ಎಣ್ಣಿ ಬ್ಯಾಡ್ರಿ. ಮೊಡವಿ ಎದ್ದದ್ದ ಅದರಿಂದಂತ. ಡಾಕ್ಟರ್ ಹೇಳಿದ್ರು."

ಪಕ್ಕೀರವ್ವನ ಕೈ ಅಲ್ಲೇ ನಿಂತಿತು. "ಹಂಗಾರ ಇಷ್ಟ ದಿನಾ ನಿನ್ನ ಹಣಿ ನಾನ ಕೆಡಿಸಿದ್ನೇನು?"

"ಹಂಗಲ್ರಿ..." ಕಣ್ಣು ತುಂಬಿದ್ದು ಕಾಣಬಾರದೆಂದು ನೇತ್ರಾವತಿ ಚಹಾದ ನೆಪ ಹೇಳಿ ಎದ್ದಳು.

ಪಕ್ಕೀರವ್ವ ಬಾಟಲಿಯ ಮುಚ್ಚಳ ತಿರುವಿ ಪಕ್ಕಕ್ಕಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು.

"ಎಲ್ಲಿಗೆ ಎದ್ದಿ? ಎಣ್ಣಿ ಬ್ಯಾಡಂದಿ. ಕುಂದ್ರೂದೂ ಬ್ಯಾಡಂದೇನು?"

ನೇತ್ರಾವತಿ ಬಂದು ಕೂತಳು. ಒಣ ಬೆರಳುಗಳು ಕೂದಲೊಳಗೆ ಮೆಲ್ಲಗೆ ಇಳಿದವು.

"ಹೂಂ, ಹೇಳು. ಬಸ್ಸಿನ್ಯಾಗ ಯಾರ್ ಜಗಳಾ ತಗದ್ರು?"