ನಡುವಿನ ಪದ

ಕರೋರಾ ಊರಿನಿಂದ ಬಾರ್ಕಿಸಿಮೆಟೋ ನಗರಕ್ಕೆ ಹೊರಡುವ ಮುನ್ನ ನಾನು ಫೋನನ್ನು ಕ್ರಮವಾಗಿ ಶುಚಿಗೊಳಿಸಿದ್ದೆ: ಮೊದಲು ಸಂದೇಶಗಳು, ನಂತರ ಚಿತ್ರಗಳು, ಕೊನೆಗೆ ಅಳಿಸಿದವುಗಳು ಉಳಿಯುವ ಬುಟ್ಟಿ. ವಿದ್ಯಾರ್ಥಿಗಳ ಮೆರವಣಿಗೆಯ ಬಳಿಕ ನನ್ನ ಅಣ್ಣ ರೋನಿಯೆಲ್‌ನನ್ನು ಸೈನಿಕರು ಹುಡುಕುತ್ತಿದ್ದರು; ದಾರಿಯ ಗೇಟುಗಳಲ್ಲಿ ಫೋನುಗಳನ್ನೂ ತೆರೆದು ನೋಡುತ್ತಿದ್ದರು. ಅವನು ಅಡಗಿರುವ ಜಾಗ, ಆ ಮನೆಯವರನ್ನು ಬಿಟ್ಟರೆ, ನನಗೆ ಮತ್ತು ಗಡಿಯಾಚೆ ಕೆಲಸಕ್ಕೆ ಹೋಗಿರುವ ಅಮ್ಮನಿಗೆ ಮಾತ್ರ ತಿಳಿದಿತ್ತು.

ಬಸ್ಸಿನಲ್ಲಿ ನಾನು ಮತ್ತೊಮ್ಮೆ ಆ ಬುಟ್ಟಿ ತೆರೆದು ನೋಡುವುದನ್ನು ಕಂಡು, ಪಕ್ಕದಲ್ಲಿ ಕುಳಿತಿದ್ದ ಸಹಪಾಠಿ ಯುರೈಮಾ ನಕ್ಕಳು. "ಎಷ್ಟ್ ಉಜ್ತೀಯೇ ಅದನ್ನ, ಪಾತ್ರೆ ಉಜ್ಜಿದ ಹಾಗೆ! ನನ್ ಫೋನ್ ತುಂಬಾ ಬೆಕ್ಕಿನ ವಿಡಿಯೋ. ನೋಡಿ ನೋಡಿ ಅವರೇ ಸುಸ್ತಾಗ್ಲಿ."

"ನಿಂಗೆ ಹೆದರಿಕೆ ಆಗಲ್ವಾ?"

"ರೇಷನ್‌ಗೆ ಅಂತ ಮುಖ ಕೊಟ್ಟಾಯ್ತು, ಬೆರಳು ಕೊಟ್ಟಾಯ್ತು. ಬಚ್ಚಿಡೋಕೆ ಇನ್ನೇನ್ ಉಳಿದಿದೆ?"

ತಪಾಸಣಾ ಗೇಟಿನಲ್ಲಿ ಬಸ್ಸು ನಿಂತಿತು. ಹತ್ತಿ ಬಂದ ಸೈನಿಕನಿಗೆ ನಮ್ಮದೇ ವಯಸ್ಸು. ಗಲ್ಲದ ಮೇಲೆ ಮೊಡವೆಗಳಿದ್ದವು. ಯುರೈಮಾಳ ಫೋನು ನೋಡಿ ನಕ್ಕು ಹಿಂದಿರುಗಿಸಿದ. ನನ್ನದನ್ನು ಮಾತ್ರ ಬಹಳ ಹೊತ್ತು ಹಿಡಿದುಕೊಂಡ.

"ಅಮ್ಮನ ಜೊತೇನೂ ಮಾತಾಡಲ್ವೇನಮ್ಮಾ ನೀನು?"

"ಫೋನ್ ತುಂಬಿಹೋಗಿತ್ತು ಸರ್. ಅದಕ್ಕೇ ಅಳಿಸಿದೆ."

"ಹೌದೌದು. ಈ ಬಸ್ಸಲ್ಲಿ ಎಲ್ರದ್ದೂ ಇವತ್ತೇ ತುಂಬಿದೆ."

ಆಮೇಲೆ ಅವನು ಖಾಲಿ ಸಂದೇಶವೊಂದನ್ನು ತೆರೆದು, ನನಗೂ ಕಾಣುವಂತೆ ಹಿಡಿದು, ಒಂದೇ ಪದ ಬರೆದ: 'ಅವನು'. ಕೀಲಿಮಣೆಯ ಮೇಲೆ ಮೂರು ಪದಗಳು ಮೂಡಿದವು. ನಡುವಿನದನ್ನು ಒತ್ತಿದ. ಮತ್ತೆ ಮೂರು ಮೂಡಿದವು. ಮತ್ತೆ ನಡುವಿನದನ್ನೇ ಒತ್ತಿದ.

ಅವನು ದುವಾಕಾದಲ್ಲಿ ಅತ್ತೆ ಮನೆಯಲ್ಲಿ ಕ್ಷೇಮ.

ಹನ್ನೆರಡು ದಿನ, ಪ್ರತಿ ಸಂಜೆ, ಅಮ್ಮನಿಗೆ ನಾನು ಬರೆಯುತ್ತಿದ್ದ ವಾಕ್ಯ. ನಾನು ಬರೆದದ್ದನ್ನೆಲ್ಲ ಅಳಿಸಿದ್ದೆ. ಬರೆಯುವಾಗ ಕೀಲಿಮಣೆ ಕಲಿತದ್ದನ್ನು ಅಳಿಸಿರಲಿಲ್ಲ.

"ಏನೋ, ಏನಾದ್ರೂ ಸಿಕ್ತಾ?" ಬಾಗಿಲಿನಿಂದ ಅವನ ಮೇಲಧಿಕಾರಿ ಕೂಗಿದ.

ಸೈನಿಕ ಪರದೆಯನ್ನು ನೋಡಿದ, ನನ್ನನ್ನು ನೋಡಿದ. "ಖಾಲಿ ಸರ್," ಎಂದು ಫೋನನ್ನು ನನ್ನ ಮಡಿಲಲ್ಲಿಟ್ಟು ಇಳಿದುಹೋದ.

ಬಸ್ಸು ಹೊರಟಿತು. "ನೋಡಿದ್ಯಾ? ಸುಮ್ನೆ ಹೆದರ್ತೀಯ," ಎಂದಳು ಯುರೈಮಾ.

ನಾನು ಹಿಂದಿನ ಗಾಜಿನಿಂದ ನೋಡಿದೆ. ಗೇಟಿನ ಕಂಬಕ್ಕೆ ಒರಗಿ, ಆ ಸೈನಿಕ ತನ್ನ ಸ್ವಂತ ಫೋನಿನಲ್ಲಿ ಏನನ್ನೋ ಬರೆಯುತ್ತಿದ್ದ. ಗೆಳತಿಗಿರಬಹುದು. ಇಲ್ಲದಿರಬಹುದು.

ಅಣ್ಣ ಈಗಲೇ ಆ ಮನೆ ಬಿಡಬೇಕಿತ್ತು. ಬಾರ್ಕಿಸಿಮೆಟೋ ಇನ್ನೂ ಐವತ್ತು ನಿಮಿಷ ದೂರವಿತ್ತು. ಅವನನ್ನು ಎಚ್ಚರಿಸಲು ನನ್ನ ಬಳಿ ಇದ್ದದ್ದು ಈ ಫೋನೊಂದೇ. ತೆರೆದೆ. ನಾನು ಒಂದಕ್ಷರ ಒತ್ತುವ ಮೊದಲೇ ಮೂರು ಪದಗಳು ಕಾದು ನಿಂತಿದ್ದವು. ನಡುವಿನದು 'ಅವನು'.