ಹಾಲು ಬತ್ತುವವರೆಗೆ

ಕರಿದ ಹಿಟ್ಟಿನ ತುಂಡುಗಳನ್ನು ಬಾಣಲೆಯಿಂದ ಎತ್ತುತ್ತಿದ್ದ ಉರ್ಕುಯಾಳ ಕೈ ನಿಂತಿತು. ಹಗ್ಗ ಹಿಡಿದ ಇಬ್ಬರು ಅವಳ ಮನೆಯ ಕಡೆಗೆ ಇಳಿಯುತ್ತಿದ್ದರು.

"ಎಲ್ಲಿಗೆ ಹೊರಟ್ರು ಅವರು?"

"ಇನ್ನೆಲ್ಲಿಗೆ? ಮಣ್ಣಿಗೆ ಬಂದೋರಿಗೆ ಮಾಂಸ ಬೇಡ್ವಾ?" ಹಿಟ್ಟು ಲಟ್ಟಿಸುತ್ತಿದ್ದ ಸಾಯ್ರಾ ತಲೆ ಎತ್ತದೆ ಅಂದಳು. "ಹಿಂಡೆಲ್ಲ ಮೇಲಿನ ಹುಲ್ಲುಗಾವಲಲ್ಲಿದೆ. ತೊಕ್ತೊಸುನ್ ಅಜ್ಜನ ಮುದ್ರೆ ಇರೋ ಹೆಣ್ಣುಕುದುರೆ ಕೆಳಗಿರೋದು ನಿನ್ನ ಮನೇಲಿ ಮಾತ್ರ. ಮೆಲಿಸ್ ಅದನ್ನೇ ಕೊಯ್ಯಿ ಅಂದನಂತೆ."

ಮೆಲಿಸ್ ಸತ್ತ ತೊಕ್ತೊಸುನ್‌ನ ಮಗ, ಪಟ್ಟಣದವನು. ಗುಡಾರದ ಹೊರಗೆ ಗಂಡಸರ ಸಾಲಿನಲ್ಲಿ ಕೋಲೂರಿ ನಿಂತಿದ್ದ. ಆ ಸಾಲಿನ ಮುಂದೆ ನಿಂತು ಮಾತಾಡುವ ಧೈರ್ಯ ಉರ್ಕುಯಾಳಿಗೆ ಎಂದೂ ಬಂದದ್ದಲ್ಲ. ಕೆಳಗಿನಿಂದ ಮರಿ ಕೆನೆಯಿತು. ಹಾಲು ಕರೆಯುವ ಹೊತ್ತು ಮೀರಿತ್ತು. ಆ ಹಾಲು ಹುದುಗಿಸಿ ಮಾಡಿದ ಕುಮಿಸ್ ಮಾರಿಯೇ ಅವಳ ಚಳಿಗಾಲದ ಹಿಟ್ಟು ಬರಬೇಕು.

*

ಸರ್ಕಾರದ ಸಾಮೂಹಿಕ ಫಾರ್ಮು ಒಡೆದು ಮನೆಮನೆಗೆ ಕುರಿ ಹಂಚಿದ ಮೇಲೆ ಅವಳ ಪಾಲಿನವು ಗಂಡನ ಕಾಯಿಲೆಗೇ ಕರಗಿದವು. ಅವನೂ ಉಳಿಯಲಿಲ್ಲ. ಮುಂದಿನ ವಸಂತದಲ್ಲಿ ತೊಕ್ತೊಸುನ್ ಕಂದು ಕುದುರೆಯನ್ನು ಮರಿಯ ಸಮೇತ ತಂದು ಬಾಗಿಲಲ್ಲಿ ಕಟ್ಟಿದ.

"ಹಾಲು ನಿಂದು, ಮರಿ ನಂದು. ಬತ್ತಿದ ದಿನ ಹೇಳಿ ಕಳಿಸು, ಹೊಡ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಈ ಕಡೆ ತಲೆ ಹಾಕಲ್ಲ."

ಹಾಗೆಂದವನು ಮರುದಿನವೇ ಬಂದ. ಅವಳು ಹಾಲು ಕರೆಯಲು ಕಲಿಯುವವರೆಗೂ ಮರಿಯ ಕುತ್ತಿಗೆ ತಬ್ಬಿ ನಿಂತ. ಮರಿ ಪಕ್ಕದಲ್ಲಿಲ್ಲದಿದ್ದರೆ ಕುದುರೆ ಹಾಲು ಇಳಿಸುವುದಿಲ್ಲ.

*

ಉರ್ಕುಯಾ ಕೈ ಒರೆಸಿಕೊಂಡು ಹೆಣವಿದ್ದ ಗುಡಾರದೊಳಗೆ ನುಗ್ಗಿದಳು. ಗೋಡೆಗೆ ಮುಖ ಮಾಡಿ ಹಾಡಿ ಅಳುತ್ತಿದ್ದ ಹೆಂಗಸರ ನಡುವೆ ಕೂತಳು. ಅವಳ ಗಂಟಲಿನಿಂದ ಬಂದ ಸದ್ದಿಗೆ ಅವಳೇ ಬೆಚ್ಚಿದಳು.

"ಹಾಲು ನಿಂದು ಅಂದೆಯಲ್ಲೋ, ನನ್ನಪ್ಪಾ,
ಬತ್ತೋವರೆಗೂ ಬರಲ್ಲ ಅಂದೆಯಲ್ಲೋ,
ಬತ್ತೋ ಮೊದಲೇ ಹಗ್ಗ ಬಂತಲ್ಲೋ!"

ಹೊರಗೆ ಗಂಡಸರ ಅಳು ತಗ್ಗಿತು.

"ಇದೇನು ಅಳೋದಾ, ತಕರಾರಾ?" ಮೆಲಿಸ್‌ನ ದನಿ.

"ಬಾಯ್ಮುಚ್ಚೋ," ಊರಿನ ಹಿರಿಯ ಬೈಬೊಸುನ್ ಗದರಿದ. "ಹೆಣದ ಮುಂದೆ ಹಾಡಿದ್ದಕ್ಕೆ ಅಡ್ಡ ಮಾತಾಡಬಾರದು. ನಿಮ್ಮಪ್ಪ ಹಾಲು ಬತ್ತೋವರೆಗೂ ಅಂತಲೇ ಕೊಡ್ತಿದ್ದ, ನಂಗೊತ್ತು."

"ಆ ಮುದಿ ಕುದುರೆ ಇನ್ನೂ ಹಾಲು ಕೊಡುತ್ತಾ, ಅಜ್ಜ?"

"ಹಾಲು ಕರೆಸಿ ನೋಡು."

"ಕೊಟ್ರೆ? ಇವರಿಗೆಲ್ಲ ಏನು ಹಾಕ್ಲಿ?"

ಬೈಬೊಸುನ್ ಕಂಬಕ್ಕೆ ಕಟ್ಟಿದ್ದ ಬೂದು ಕುದುರೆಯ ಕಡೆ ನೋಡಿದ. ಸತ್ತವನ ಸವಾರಿ ಕುದುರೆ. ಬೆಳಿಗ್ಗೆಯೇ ಮೆಲಿಸ್ ಅದರ ಜೀನಿನಿಂದ ಇಳಿಬಿದ್ದ, ಕಾಲೂರುವ ರಿಕಾಪುಗಳನ್ನು ತನ್ನ ಕಾಲಿನ ಅಳತೆಗೆ ಮೇಲೆಳೆದು ಕಟ್ಟಿಕೊಂಡಿದ್ದ.

ಹಗ್ಗದಲ್ಲಿ ಕಂದು ಕುದುರೆ ಬಂತು, ಹಿಂದೆಯೇ ಮರಿ. ಉರ್ಕುಯಾ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ ಒಂದು ಮೊಣಕಾಲೂರಿ, ಇನ್ನೊಂದರ ಮೇಲೆ ಬಕೆಟ್ ಇಟ್ಟಳು. ಮರಿ ಚಿಮ್ಮಿ ದೂರ ಹಾರಿತು. ಕುದುರೆ ಕಾಲು ಝಾಡಿಸಿತು. ಹಾಲು ಬರಲಿಲ್ಲ.

ಯಾರೋ ನಕ್ಕರು.

ಮೆಲಿಸ್ ಕೋಲು ಬಿಸುಟು ಮರಿಯನ್ನು ತಬ್ಬಿ ಎಳೆದು ತಂದ.

"ಇನ್ನೂ ಹತ್ರ, ತಮ್ಮಾ," ಅಂದಳು ಉರ್ಕುಯಾ. "ನಿಮ್ಮಪ್ಪ ಅದರ ಮೂತಿ ತಾಯಿಗೆ ತಾಗೋ ಹಾಗೆ ಹಿಡೀತಿದ್ರು."

ಅವನು ಹಾಗೇ ಹಿಡಿದ. ಬಕೆಟಿನ ತಳಕ್ಕೆ ಸರ್ರೆಂದು ಹಾಲು ಬಿತ್ತು.

ಅವಳು ನಿಲ್ಲಿಸದೆ ಕರೆದಳು. ಬೆನ್ನ ಹಿಂದೆ ಹಗ್ಗದವರಿಬ್ಬರು ಬೂದು ಕುದುರೆಯ ಜೀನು ಬಿಚ್ಚಿ ಹುಲ್ಲಿನ ಮೇಲಿಟ್ಟು, ಅದರ ಕುತ್ತಿಗೆಗೆ ಹಗ್ಗ ಹಾಕಿದರು. ಗಿಡ್ಡ ಮಾಡಿದ ರಿಕಾಪುಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಮೆಲಿಸ್ ಆ ಕಡೆ ತಿರುಗಲಿಲ್ಲ, ಮರಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡಿದ್ದ.