ಸರೋವರದ ದಾರಿ

ಕಾಡಿನೊಳಗಿನ ಸರೋವರಕ್ಕೆ ರಸ್ತೆ ಬೇಕೆಂದು ಸಭೆಯಲ್ಲಿ ಮೊದಲು ಎದ್ದು ನಿಂತವರು ಅರಣ್ಯಾಧಿಕಾರಿಯ ಸ್ವಂತ ಅತ್ತೆ. "ಮಂಡಿ ನೋವಿರೋರು ಆ ನೀರು ನೋಡೋದೇ ಬೇಡ್ವಾ?" ಎಂದು ಕೇಳಿದರು.

ಅರಣ್ಯಾಧಿಕಾರಿಯಾದ ಸೊಸೆ ತಲೆ ತಗ್ಗಿಸಲಿಲ್ಲ. "ಇಂಜಿನ್ ಸದ್ದು ಕೇಳದ ಜಾಗ ಉಳಿದಿರೋದು ಅದೊಂದೇ. ನಾನಿರೋವರೆಗೂ ಅಲ್ಲಿಗೆ ಚಕ್ರ ಹೋಗಲ್ಲ," ಎಂದಳು. ಪ್ರಸ್ತಾವ ಬಿದ್ದುಹೋಯಿತು.

ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು. ಉಪ್ಪು ಬೇಕಾದರೂ ಮಗನ ಮೂಲಕವೇ ಕೇಳುತ್ತಿದ್ದರು. ಪಾಪ, ಅವನು ಅಡಕತ್ತರಿಯಲ್ಲಿ ಸಿಕ್ಕಿಬಿದ್ದ. ಆದರೆ ಬೆಳಗಾದರೆ ಅತ್ತೆ ಊರುಗೋಲು ಹಿಡಿದು ಬೀದಿ ಸುತ್ತತೊಡಗಿದರು. ಬೇಸಿಗೆಯ ಹೊತ್ತಿಗೆ ಸೊಸೆಯ ಮುಂದೆ ಬಂದು ನಿಂತು, "ಹೊರಡು, ನಿನ್ನ ಕಾಡು ನೋಡೇಬಿಡ್ತೀನಿ," ಎಂದರು.

ಅರ್ಧ ದಾರಿಯಲ್ಲೇ ಮಂಡಿ ಕೈಕೊಟ್ಟಿತು. ಇಬ್ಬರೂ ಬಂಡೆಯ ಮೇಲೆ ಕೂತರು. ಯಾವುದೋ ಪ್ರಾಣಿ ತರಗೆಲೆ ತುಳಿಯುತ್ತ ದೂರವಾಯಿತು. ಆಮೇಲೆ ಗಾಳಿ ಬಿಟ್ಟರೆ ಏನೂ ಇಲ್ಲ. ಅತ್ತೆ ಬಹಳ ಹೊತ್ತು ಕಿವಿಗೊಟ್ಟು ಕೂತಿದ್ದರು.

"ಸರೋವರದವರೆಗೂ ಹೊತ್ಕೊಂಡು ಹೋಗೋಕೆ ಜನ ಕರೆಸ್ಲಾ?" ಎಂದಳು ಸೊಸೆ.

"ಬೇಡ. ಬರೋ ವರ್ಷ ನಡೆದೇ ಹೋಗ್ತೀನಿ. ಅಲ್ಲೀವರೆಗೆ ಯಾರು ಕೇಳಿದ್ರೂ ರಸ್ತೆಗೆ ಒಪ್ಕೋಬೇಡ. ನಾನು ಕೇಳಿದ್ರೂ ಅಷ್ಟೇ."

ಏಳಲು ಕೈ ಚಾಚುತ್ತ, "ನೀನು ಇಷ್ಟು ಹಟಮಾರಿ ಅಂತ ನನ್ ಮಗ ಮದುವೆಗೆ ಮುಂಚೆ ಹೇಳಿರ್ಲಿಲ್ಲ," ಎಂದರು.

"ನಿಮ್ಮ ವಿಷಯಾನೂ ಹೇಳಿರ್ಲಿಲ್ಲ ಬಿಡಿ," ಎನ್ನುತ್ತ ಸೊಸೆ ಅವರನ್ನು ಹಿಡಿದೆಬ್ಬಿಸಿದಳು.